ವಾಡೆಯ ಕಥೆಗಳೂ ಜಾಣೆಯರಾದ ನಾಯಿಕೆಯರೂ

ಗೃಹಸ್ಥರ ಮನೆಗಳಲ್ಲಿ ಓದತಕ್ಕ ಗ್ರಂಥಗಳಾವುವು, ಅವುಗಳನ್ನು ಓದುವ ರೀತಿ ಯಾವದು ಎಂಬ ವಿಷಯವನ್ನು ನಾವು ಈ ಪುಟದಲ್ಲಿ ತಿಂಗಳು ತಿಂಗಳು ವಿಚಾರಿಸುತ್ತ ಬಂದಿರುವೆವಷ್ಟೆ. ಈ ಸಾರೆ ಕಾದಂಬರಿಗಳ ಪೈಕಿ ಒಂದು ವಿಶಿಷ್ಟ ಜಾತಿಯನ್ನು ವಾಚಕರ ಮುಂದಿಡುವೆವು. ಹಿಂದಿನ ಕಾಲದ ರಾಜರು, ಸರದಾರರು, ದೇಸಾಯರು, ಜಹಗೀರದಾರರು ಮುಂತಾದ ದೊಡ್ಡ ಮನೆತನದವರ ಪ್ರಣಯವನ್ನು ವಿಷಯವಾಗಿ ಮಾಡಿಕೊಂಡು, ಬುದ್ಧಿವಂತೆಯಾದ ನಾಯಿಕೆಯನ್ನು ಮುಂದಿಟ್ಟು, ಅವಸರವಿಲ್ಲದೆ ನಡೆಯುವ ಕಥೆಗಳೇ ಅವು. ಇಂಥ ಕಥೆಗಳಲ್ಲಿ ಮೊದಲನೆಯ ನೋಟಕ್ಕೇ ಒಲವು ಹುಟ್ಟಿ, ಎರಡನೆಯ ಅಧ್ಯಾಯಕ್ಕೇ ಕಣ್ಣೀರು ಸುರಿದು, ಮೂರನೆಯದಕ್ಕೆ ಮದುವೆ ಮುಗಿಯುವದಿಲ್ಲ. ಸಣ್ಣ ಉರಿಯ ಮೇಲೆ ಇಟ್ಟ ಹಾಲು ಉಕ್ಕದೆ ಮೆಲ್ಲಮೆಲ್ಲನೆ ಕೆನೆಗಟ್ಟುವಂತೆ, ಇಬ್ಬರ ಮನಸ್ಸುಗಳು ಜಗಳದಿಂದಲೋ ಉಪೇಕ್ಷೆಯಿಂದಲೋ ಆರಂಭಿಸಿ, ಒಬ್ಬರ ಯೋಗ್ಯತೆಯನ್ನು ಒಬ್ಬರು ಅರಿಯುತ್ತ, ಕಡೆಗೆ ಒಂದಾಗುವವು.

ಇಂಥ ಪುಸ್ತಕಗಳ ಹೆಸರೆತ್ತಿದರೆ ಕೆಲವು ಹಿರಿಯರು ಹುಬ್ಬು ಗಂಟಿಕ್ಕುವರು. ಮದುವೆಗೆ ಬಂದ ಹೆಣ್ಣುಮಕ್ಕಳ ತಲೆಯಲ್ಲಿ ಇವು ಅರಮನೆಯ ಭ್ರಮೆಯನ್ನು ತುಂಬುವವೆಂದೂ, ಇದ್ದ ಮನೆಯ ಮೇಲೆ ಬೇಸರ ಹುಟ್ಟಿಸುವವೆಂದೂ ಅವರ ದೂರು. ಈ ದೂರು ತೀರ ಹುರುಳಿಲ್ಲದ್ದೇನೂ ಅಲ್ಲ. ಕುದುರೆಗಾಡಿ, ರತ್ನಹಾರ, ನೃತ್ಯದ ಸಭೆ ಇವುಗಳ ವರ್ಣನೆಯಿಂದಲೇ ಪುಟ ತುಂಬಿಸಿ, ನಾಯಕನ ಸಿರಿವಂತಿಕೆಯನ್ನೇ ಆತನ ಗುಣವೆಂದು ತೋರಿಸುವ ಅಗ್ಗದ ಕಥೆಗಳು ಎಲ್ಲ ಭಾಷೆಗಳಲ್ಲಿಯೂ ರಾಶಿರಾಶಿಯಾಗಿ ಬಿದ್ದಿರುವವು. ಆದರೆ ಜೊಳ್ಳು ಬೆರೆತಿದೆಯೆಂದು ಕಾಳನ್ನೂ ತಿಪ್ಪೆಗೆ ಚೆಲ್ಲುವ ಒಕ್ಕಲಿಗನನ್ನು ನಾವು ಕಂಡಿಲ್ಲ. ತೂರಿ, ಕೇರಿ, ಹಸನು ಮಾಡಿ ನೋಡಲಾಗಿ, ಈ ಜಾತಿಯ ಒಳ್ಳೆಯ ಗ್ರಂಥಗಳಲ್ಲಿ ಗೃಹಸ್ಥರಿಗೆ ಅತ್ಯಗತ್ಯವಾದ ಒಂದು ಪಾಠವಿರುವದು. ಹೆಣ್ಣಿನ ಬುದ್ಧಿಯನ್ನು ಗುರುತಿಸುವದಕ್ಕೆ ಗಂಡಿಗೂ ಆತನ ಮನೆತನಕ್ಕೂ ಕಾಲ ಬೇಕಾಗುವದೆಂಬದೇ ಆ ಪಾಠ. ಕಥೆ ತಡವಾಗುವದು ವಾಚಕರನ್ನು ಕಾಡಿಸುವದಕ್ಕಲ್ಲ. ನಾಯಕನು ಆ ಅವಧಿಯಲ್ಲಿ ಕೇಳಲು ಕಲಿಯುತ್ತಿರುವನು.

ಈ ಜಾತಿಯ ಕಥೆಗಳ ತವರುಮನೆ ಇಂಗ್ಲಂಡ ದೇಶ. ಅಲ್ಲಿ 1811ರಿಂದ 1820ರ ವರೆಗೆ ಮತಿವಿಕಲನಾದ ಅರಸನ ಪರವಾಗಿ ಆತನ ಮಗನು ರಾಜ್ಯಭಾರ ಮಾಡಿದನು. ಆ ಒಂಬತ್ತು ವರ್ಷಗಳ ಕಾಲಕ್ಕೆ 'ರೀಜನ್ಸಿ' ಎಂದು ಹೆಸರು. ಜೇನ್ ಆಸ್ಟಿನ್ ಎಂಬ ವಿದುಷಿಯು (1775–1817) ಆ ಕಾಲದಲ್ಲಿಯೇ ಬಾಳಿ, ತನ್ನ ಕಣ್ಣ ಮುಂದಿನ ಸಂಸಾರಗಳನ್ನೇ ಬರೆದಳು. 1813ರಲ್ಲಿ ಪ್ರಕಟವಾದ ಆಕೆಯ 'ಪ್ರೈಡ್ ಆಂಡ್ ಪ್ರೆಜುಡಿಸ್' ಎಂಬ ಕಾದಂಬರಿಯಲ್ಲಿ ಐವರು ಹೆಣ್ಣುಮಕ್ಕಳ ತಂದೆಯೊಬ್ಬನಿರುವನು. ಆತನ ಆಸ್ತಿಯು ಹೆಣ್ಣುಮಕ್ಕಳಿಗೆ ಬಾರದೆ ದೂರದ ದಾಯಾದನೊಬ್ಬನಿಗೆ ಹೋಗತಕ್ಕದ್ದೆಂಬ ನಿಬಂಧನೆ ಇರುವದು. ಹೀಗಾಗಿ ಆ ಹುಡುಗಿಯರ ಪಾಲಿಗೆ ಮದುವೆಯೆಂಬದು ಅನ್ನವಸ್ತ್ರದ ಪ್ರಶ್ನೆ. ಅಷ್ಟಿದ್ದರೂ ಎರಡನೆಯ ಮಗಳಾದ ಎಲಿಝಬೆತ್ತಳು ಅದೇ ದಾಯಾದನು ಕೈ ಕೇಳಿದಾಗ ಒಲ್ಲೆನೆಂದಳು. ಮಹಾ ಶ್ರೀಮಂತನಾದ ಡಾರ್ಸಿಯು ಗರ್ವದಿಂದ ಕೇಳಿದಾಗಲೂ ಒಲ್ಲೆನೆಂದಳು. ಡಾರ್ಸಿಯು ತನ್ನ ಗರ್ವವನ್ನೂ ಆಕೆಯು ತನ್ನ ದುಡುಕಿನ ತೀರ್ಪನ್ನೂ ತಿದ್ದಿಕೊಂಡ ಮೇಲೆಯೇ ಅವರ ಮದುವೆ.

ಆಸ್ಟಿನ್ನಳ ತರುವಾಯ ನೂರು ವರ್ಷ ಕಳೆದ ಮೇಲೆ ಜಾರ್ಜೆಟ್ ಹೇಯರ್ ಎಂಬಾಕೆಯು (1902–1974) ಅದೇ ಕಾಲವನ್ನು ಇತಿಹಾಸವೆಂದು ಅಭ್ಯಾಸ ಮಾಡಿ, ಆಗಿನ ಉಡುಪು, ಮಾತಿನ ಧಾಟಿ, ಗಾಡಿಗಳ ಜಾತಿ, ಸಾಲದ ವ್ಯವಹಾರ ಎಲ್ಲವನ್ನೂ ಟಿಪ್ಪಣಿ ಮಾಡಿಕೊಂಡು ಕಾದಂಬರಿಗಳನ್ನು ಬರೆದಳು. 'ರೀಜನ್ಸಿ ಬಕ್' ಎಂಬ ಆಕೆಯ ಪುಸ್ತಕವು 1935ರಲ್ಲಿ ಹೊರಟಿತು. ಇಂದು ಇಂಥ ಕಥೆ ಬರೆಯುವವರೆಲ್ಲರೂ ಆಕೆಯು ತುಳಿದ ದಾರಿಯನ್ನೇ ಹಿಡಿದಿರುವರೆಂದರೆ ತಪ್ಪಾಗದು. 1965ರಲ್ಲಿ ಆಕೆಯು ಬರೆದ 'ಫ್ರೆಡರಿಕಾ' ಎಂಬ ಕಥೆಯನ್ನು ಇಲ್ಲಿ ದೃಷ್ಟಾಂತಕ್ಕೆ ತೆಗೆದುಕೊಳ್ಳುವೆವು. ತಂದೆತಾಯಿಗಳಿಲ್ಲದ ಫ್ರೆಡರಿಕಾ ಎಂಬ ಇಪ್ಪತ್ತನಾಲ್ಕು ವರ್ಷದ ಅಕ್ಕನು ತನ್ನ ತಂಗಿಗೆ ಒಳ್ಳೆಯ ಸಂಬಂಧ ನೋಡಬೇಕೆಂದು ತಮ್ಮಂದಿರನ್ನೂ ಕಟ್ಟಿಕೊಂಡು ಲಂಡನ್ನಿಗೆ ಬರುವಳು. ದೂರದ ನಂಟನಾದ ಒಬ್ಬ ಮಾರ್ಕ್ವಿಸನ ಸಹಾಯ ಬೇಡುವಳು. ಆತನೋ ಸಿರಿಯಿಂದ ಬೇಸತ್ತವನು; ಸ್ವಾರ್ಥಿ; ಯಾರ ಗೊಡವೆಯೂ ಬೇಡವೆನ್ನುವವನು. ಆದರೆ ಆ ಹುಡುಗರ ಉಪದ್ವ್ಯಾಪಗಳನ್ನು ಬಗೆಹರಿಸುತ್ತ ಬಗೆಹರಿಸುತ್ತ ಆತನಿಗೆ ತಿಳಿಯದೆಯೇ ಆತನು ಮನುಷ್ಯನಾಗುವನು. ಕಿರಿಯ ತಮ್ಮನು ಬಲೂನಿನಲ್ಲಿ ಹಾರಿ ಹೋಗಿ, ಅಪಾಯಕ್ಕೆ ಸಿಕ್ಕು, ಜ್ವರದಲ್ಲಿ ಮಲಗಿದಾಗ ಆ ಮಾರ್ಕ್ವಿಸನು ರೋಗಿಯ ಬಳಿ ಕೂಡ್ರುವನು. ಒಲವೆಂಬ ಶಬ್ದವು ಕಥೆಯ ತೀರ ಕೊನೆಗೆ ಬರುವದು. ಸಂಸಾರದ ಭಾರ ಹೊತ್ತ ಹೆಣ್ಣುಮಗಳೊಬ್ಬಳ ಜಾಣತನಕ್ಕೆ ಇದಕ್ಕಿಂತ ಹೆಚ್ಚಿನ ಗೌರವವನ್ನು ಯಾವ ಸ್ತೋತ್ರವೂ ಸಲ್ಲಿಸಲಾರದು.

ಇನ್ನು ನಮ್ಮ ಕನ್ನಡದ ಕಡೆಗೆ ತಿರುಗೋಣ. ರಾಜಕುಮಾರ ರಾಜಕುಮಾರಿಯರ ಪ್ರಣಯಕಥೆ ನಮಗೆ ಹೊಸದಲ್ಲ. ಹನ್ನೆರಡನೆಯ ಶತಮಾನದಲ್ಲಿಯೇ ನೇಮಿಚಂದ್ರನು ಬನವಾಸಿಯ ಹಿನ್ನೆಲೆಯಲ್ಲಿ 'ಲೀಲಾವತಿ ಪ್ರಬಂಧ'ವನ್ನು ರಚಿಸಿದನು. ಅಲ್ಲಿ ನಾಯಕ ನಾಯಿಕೆಯರು ಕನಸಿನಲ್ಲಿ ಒಬ್ಬರನ್ನೊಬ್ಬರು ಕಂಡು ಒಲಿಯುವರು. ತಡವು ಬರುವದು ಹುಡುಕಾಟದಲ್ಲಿ, ಹೊರಗಿನ ವಿಘ್ನಗಳಲ್ಲಿ, ಮನಸ್ಸಿನಲ್ಲಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಬಿ. ವೆಂಕಟಾಚಾರ್ಯರು ಬಂಕಿಮಚಂದ್ರರ ಕಥೆಗಳನ್ನು ಕನ್ನಡಕ್ಕೆ ತಂದರು. ನಮ್ಮ ಉತ್ತರ ಕರ್ನಾಟಕದಲ್ಲಿ ಗಳಗನಾಥರು, ಅಂದರೆ ವೆಂಕಟೇಶ ತಿರಕೋ ಕುಲಕರ್ಣಿಯವರು (1869–1942), 1898ರಲ್ಲಿ 'ಪ್ರಬುದ್ಧ ಪದ್ಮನಯನೆ'ಯನ್ನು ಬರೆದು, ಮುಂದೆ 'ಸದ್ಬೋಧ ಚಂದ್ರಿಕೆ' ಎಂಬ ಮಾಸಪತ್ರಿಕೆಯ ಮೂಲಕ ಮನೆಮನೆಗೆ ಕಾದಂಬರಿಯ ರುಚಿ ಹತ್ತಿಸಿದರು. ಪುಸ್ತಕಗಳ ಹೊರೆ ಹೊತ್ತು ಊರೂರು ಅಲೆದು ಮಾರಿದ ಆ ಮಹನೀಯರ ಋಣವನ್ನು ಈ ಭಾಗದ ವಾಚಕರು ತೀರಿಸುವಂತಿಲ್ಲ. ಅತ್ತ ಬಾಗಲಕೋಟೆಯ ಕೆರೂರ ವಾಸುದೇವಾಚಾರ್ಯರು 1908ರಲ್ಲಿ 'ಇಂದಿರೆ'ಯನ್ನು ಬರೆದು, ಅರಮನೆಯನ್ನು ಬಿಟ್ಟು ಸಾಮಾನ್ಯ ಸಂಸಾರವೂ ಕಾದಂಬರಿಗೆ ತಕ್ಕದ್ದೆಂದು ತೋರಿಸಿದರು. ಮುಂದೆ 1952ರಲ್ಲಿ ಕೆ. ವಿ. ಅಯ್ಯರರ 'ಶಾಂತಲಾ', 1956ರಲ್ಲಿ ಮಾಸ್ತಿಯವರ 'ಚಿಕವೀರ ರಾಜೇಂದ್ರ', 1982ರಲ್ಲಿ ತ. ರಾ. ಸುಬ್ಬರಾಯರ 'ದುರ್ಗಾಸ್ತಮಾನ' ಮುಂತಾದ ಮಹಾಗ್ರಂಥಗಳು ಹೊರಟವು.

ಈ ಗ್ರಂಥಗಳ ಯೋಗ್ಯತೆಯನ್ನು ನಾವು ಎಷ್ಟು ಕೊಂಡಾಡಿದರೂ ಕಡಿಮೆಯೇ. ಆದರೂ ಒಂದು ಮಾತು ಹೇಳಬೇಕಾಗಿದೆ. ನಮ್ಮ ಐತಿಹಾಸಿಕ ಕಾದಂಬರಿಗಳಲ್ಲಿ ಬಹುಮಟ್ಟಿಗೆ ರಾಜ್ಯವೇ ಮುಂದಾಗಿ, ಒಲವು ಹಿಂದೆ ಬೀಳುವದು. ನಾಯಿಕೆಯ ಕೈಯಲ್ಲಿ ಖಡ್ಗವನ್ನಾಗಲಿ ಆರತಿಯನ್ನಾಗಲಿ ಕೊಡುವದಕ್ಕೆ ನಮ್ಮ ಲೇಖಕರು ಹಿಂಜರಿಯಲಿಲ್ಲ. ಆದರೆ ಗಂಡನೊಡನೆ ಕುಳಿತು, ಲೆಕ್ಕದ ಕಾಗದ ಮುಂದಿಟ್ಟುಕೊಂಡು, ಹೀಗಲ್ಲ ಹಾಗೆಂದು ವಾದಿಸುವ ಒಂದು ದೀರ್ಘ ಸಾಯಂಕಾಲವನ್ನು ಆಕೆಗೆ ಕೊಟ್ಟವರು ವಿರಳ. ಒಲವು ಹದಗೊಳ್ಳುವದು ಇಂಥ ಸಾಯಂಕಾಲಗಳಲ್ಲಿ.

ಇಂಗ್ಲಂಡದಲ್ಲಿ ಮದುವೆಯ ಮುಂಚೆ ಪರಿಚಯ. ನಮ್ಮಲ್ಲಿ ಮದುವೆಯ ತರುವಾಯ ಪರಿಚಯ. ಹಾಗಾದ ಮೇಲೆ ಇಂಥ ಕಥೆ ನಮ್ಮ ನೆಲಕ್ಕೆ ಒಗ್ಗುವದೇ ಎಂದು ಯಾರಾದರೂ ಕೇಳಬಹುದು. ಒಗ್ಗುವದೆಂಬದೇ ನಮ್ಮ ಮತ. ಅವರ ಕಥೆ ಮುಗಿಯುವಲ್ಲಿ ನಮ್ಮದು ಆರಂಭವಾಗಬೇಕು, ಇಷ್ಟೇ ಭೇದ. ಇದಕ್ಕೆ ದೃಷ್ಟಾಂತಗಳನ್ನು ದೂರ ಹುಡುಕಬೇಕಾಗಿಲ್ಲ.

ಕಿತ್ತೂರಿನ ಮಲ್ಲಸರ್ಜ ದೇಸಾಯಿಯೂ ಕಾಕತಿಯ ಚೆನ್ನಮ್ಮನೂ ಮೊದಲ ಸಲ ಕಂಡುದರ ಕಥೆ ಈ ಭಾಗದಲ್ಲಿ ಮಕ್ಕಳಿಗೂ ಗೊತ್ತು. ಹುಲಿಯ ಬೇಟೆಗೆ ಬಂದ ದೇಸಾಯಿಯು ತಾನು ಕೊಂದೆನೆಂದುಕೊಂಡ ಹುಲಿಯ ಮೈಯಲ್ಲಿ ಇನ್ನೊಂದು ಬಾಣವೂ ಇದ್ದಿತಂತೆ. ಅದನ್ನು ಬಿಟ್ಟವಳು ಎದುರಿಗೆ ನಿಂತು ಹುಲಿ ತನ್ನದೆಂದು ವಾದಿಸಿದಳಂತೆ. ಇದು ಜನರ ಬಾಯಲ್ಲಿ ಬೆಳೆದ ಕಥೆಯಾದರೂ, ಹೇಯರಳಾಗಲಿ ಮತ್ತಾರಾಗಲಿ ಇದಕ್ಕಿಂತ ಉತ್ತಮವಾದ ಮೊದಲನೆಯ ಅಧ್ಯಾಯವನ್ನು ಕಲ್ಪಿಸಲಾರರು. ಆದರೆ ನಿಜವಾದ ಕಾದಂಬರಿ ಇರುವದು ಅಲ್ಲಿಂದ ಮುಂದೆ. ಹಿರಿಯ ರಾಣಿ ರುದ್ರಮ್ಮನಿದ್ದ ವಾಡೆಗೆ ಚೆನ್ನಮ್ಮನು ಕಿರಿಯವಳಾಗಿ ಬಂದಳು. ಗಂಡನೋ 1785ರಲ್ಲಿ ಟೀಪೂ ಸುಲ್ತಾನನ ಸೆರೆಯನ್ನು ಕಂಡು ಬಂದವನು, ಮುಂದೆ ಪೇಶವೆಯ ಸಂಶಯಕ್ಕೂ ಗುರಿಯಾಗಿ ಪುಣೆಗೆ ಒಯ್ಯಲ್ಪಟ್ಟವನು, 1816ರಲ್ಲಿ ತೀರಿಕೊಂಡವನು. ಸುತ್ತಲೂ ಪ್ರಬಲರಾದ ವೈರಿಗಳು. ನಡುವೆ ಒಂದು ಚಿಕ್ಕ ಸಂಸ್ಥಾನ. ಇಂಥಲ್ಲಿ ಯಾರನ್ನು ನಂಬಬೇಕು, ಎಷ್ಟು ಕಪ್ಪ ಕೊಡಬೇಕು, ಯಾವಾಗ ಬಾಗಬೇಕು, ಯಾವಾಗ ನಿಲ್ಲಬೇಕು ಎಂಬ ಮಾತುಗಳು ಆ ಗಂಡಹೆಂಡಿರ ನಡುವೆ ನಡೆಯದೆ ಹೋಗಲಾರವು. ವಾಚಕರು ಇನ್ನೊಂದು ಸಂಗತಿಯನ್ನು ಲಕ್ಷ್ಯದಲ್ಲಿಡಬೇಕು: ಮಲ್ಲಸರ್ಜನ ಕೊನೆಯ ವರ್ಷಗಳು ಆ ಇಂಗ್ಲಂಡದ ರೀಜನ್ಸಿ ಕಾಲದೊಳಗೇ ಬರುವವು. ಆಸ್ಟಿನ್ನಳ ಎಲಿಝಬೆತ್ತಳು ಮುದ್ರಣಯಂತ್ರದಿಂದ ಹೊರಬಂದಾಗ ನಮ್ಮ ಚೆನ್ನಮ್ಮನು ಕಿತ್ತೂರ ವಾಡೆಯಲ್ಲಿದ್ದಳು.

ಅಲ್ಲಿಯ ಕಥೆಯ ಕೀಲು ಆಸ್ತಿಯ ನಿಬಂಧನೆ. ಇಲ್ಲಿಯ ಕಥೆಯ ಕೀಲು ದತ್ತಕ. 1824ರ ಸಪ್ಟಂಬರದಲ್ಲಿ ಶಿವಲಿಂಗರುದ್ರಸರ್ಜನು ಸಂತಾನವಿಲ್ಲದೆ ತೀರಿಕೊಳ್ಳಲು, ಶಿವಲಿಂಗಪ್ಪನನ್ನು ದತ್ತಕ ತೆಗೆದುಕೊಂಡುದನ್ನು ಕುಂಪಣಿ ಸರಕಾರವು ಒಪ್ಪಲಿಲ್ಲ. ಅದೇ ವರ್ಷದ ಅಕ್ಟೋಬರ 23ರಂದು ಧಾರವಾಡದ ಕಲೆಕ್ಟರನಾದ ಥ್ಯಾಕರೆಯು ಕಿತ್ತೂರ ಕೋಟೆಯ ಮುಂದೆ ಹತನಾದನು. ಸೆರೆಸಿಕ್ಕ ಆಂಗ್ಲ ಅಧಿಕಾರಿಗಳಲ್ಲಿ ವಾಲ್ಟರ್ ಎಲಿಯಟ್ ಎಂಬ ತರುಣನೊಬ್ಬನಿದ್ದನು. ರಾಣಿಯು ಅವರಿಗೆ ಕೇಡು ಮಾಡದೆ ಕಡೆಗೆ ಬಿಟ್ಟುಕೊಟ್ಟಳು. ಈ ಎಲಿಯಟ್ಟನೇ ಮುಂದೆ ಕರ್ನಾಟಕದ ಶಿಲಾಶಾಸನಗಳನ್ನು ಸಂಗ್ರಹಿಸಿ ನಮ್ಮ ಇತಿಹಾಸಕ್ಕೆ ಉಪಕಾರ ಮಾಡಿದನು. ಡಿಸೆಂಬರದಲ್ಲಿ ಕೋಟೆ ಬಿದ್ದಿತು. ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ಚೆನ್ನಮ್ಮನು ದೇಹವಿಟ್ಟಳು. ಆಕೆಯ ಸಮಾಧಿ ಅಲ್ಲಿಯೇ ಇರುವದು. ಖಡ್ಗ ಹಿಡಿದ ಚೆನ್ನಮ್ಮನನ್ನು ಲಾವಣಿಕಾರರು ಹಾಡಿದರು. ಕಾಗದ ಬರೆಸಿ, ಸೆರೆಯಾಳುಗಳ ಪ್ರಾಣವನ್ನು ತೂಗಿನೋಡಿ, ಕಾಲಹರಣ ಮಾಡಿದ ಚೆನ್ನಮ್ಮನ ಜಾಣತನವೂ ಅಷ್ಟೇ ದೊಡ್ಡದು.

ಆ ಕಲೆಕ್ಟರ ಥ್ಯಾಕರೆಯ ವಿಷಯದಲ್ಲಿ ಒಂದು ವಿಚಿತ್ರವಿದೆ. 'ವ್ಯಾನಿಟಿ ಫೇರ್' ಎಂಬ ಪ್ರಸಿದ್ಧ ಕಾದಂಬರಿಯನ್ನು 1847–48ರಲ್ಲಿ ಬರೆದ ವಿಲಿಯಂ ಮೇಕ್‌ಪೀಸ್ ಥ್ಯಾಕರೆಯು ಈತನ ಅಣ್ಣನ ಮಗನು. ಹುಟ್ಟಿದ್ದು 1811ರಲ್ಲಿ, ಕಲಕತ್ತೆಯಲ್ಲಿ. ತನ್ನ ಹುಟ್ಟಿನ ಕಾಲದ ಶ್ರೀಮಂತ ಸಮಾಜವನ್ನು ಆತನು ಆ ಗ್ರಂಥದಲ್ಲಿ ಚಿತ್ರಿಸಿ, ಬೆಕಿ ಶಾರ್ಪ್ ಎಂಬ ಅತಿ ಜಾಣೆಯಾದ ಬಡ ಹುಡುಗಿಯನ್ನು ನಾಯಿಕೆಯಾಗಿ ಮಾಡಿದನು. ಅದರಲ್ಲಿಯೇ ಡಾಬಿನ್ ಎಂಬ ಸಜ್ಜನನು ತಾನು ಒಲಿದವಳಿಗಾಗಿ ವರ್ಷವರ್ಷಗಳ ಕಾಲ ಮಾತಿಲ್ಲದೆ ಕಾಯುವನು. ಅಣ್ಣನ ಮಗನು ಜಾಣೆಯನ್ನು ಕಾಗದದ ಮೇಲೆ ನಿರ್ಮಿಸಿದನು. ಚಿಕ್ಕಪ್ಪನಿಗೆ ಜಾಣೆಯು ಕಿತ್ತೂರಿನಲ್ಲಿ ಪ್ರತ್ಯಕ್ಷಳಾಗಿದ್ದಳು, ಆತನು ಆಕೆಯ ಮಾತನ್ನು ಕೇಳಲಿಲ್ಲ.

ಕಿತ್ತೂರಿನದು ದೊಡ್ಡ ಹೆಸರು. ನಮ್ಮ ಸುರೇಬಾನದಂಥ ಊರಿನ ನೆಲದಲ್ಲಿಯೂ ಇಂಥ ಕಥೆಯೊಂದು ಹುದುಗಿರುವದು. ಸುರೇಬಾನವು ರಾಮದುರ್ಗದಿಂದ ನರಗುಂದಕ್ಕೆ ಹೋಗುವ ದಾರಿಯ ಮೇಲಿನ ಊರು. ರಾಮದುರ್ಗ, ನರಗುಂದ ಈ ಎರಡು ಸಂಸ್ಥಾನಗಳೂ ಭಾವೆ ಮನೆತನದವು. ನರಗುಂದದ ಅಧಿಪತಿಯಾದ ಭಾಸ್ಕರರಾವ ಬಾಬಾಸಾಹೇಬನು ವಿದ್ಯಾಪ್ರಿಯನು. ಸಾವಿರಾರು ಸಂಸ್ಕೃತ ಗ್ರಂಥಗಳನ್ನು ಕೂಡಿಸಿಟ್ಟವನು. ಗಂಡುಸಂತಾನವಿಲ್ಲದ ಆತನು ದತ್ತಕಕ್ಕೆ ಅಪ್ಪಣೆ ಬೇಡಿದನು, ಸರಕಾರವು ಕೊಡಲಿಲ್ಲ. 1858ರ ಮೇ 29ರ ರಾತ್ರಿ, ರಾಮದುರ್ಗದಿಂದ ಹೊರಟು ಸುರೇಬಾನದಲ್ಲಿ ಇಳಿದುಕೊಂಡಿದ್ದ ಮ್ಯಾನ್ಸನ್ ಎಂಬ ಆಂಗ್ಲ ಅಧಿಕಾರಿಯನ್ನು ಬಾಬಾಸಾಹೇಬನ ಕಡೆಯವರು ಕೊಂದರು. ಕೆಲವೇ ದಿನಗಳಲ್ಲಿ ನರಗುಂದದ ಕೋಟೆ ಬಿದ್ದಿತು. ಆತನ ಪತ್ನಿಯೂ ತಾಯಿಯೂ ಮಲಪ್ರಭೆಯಲ್ಲಿ ಪ್ರಾಣ ನೀಗಿದರು. ಜೂನ್ 12ರಂದು ಆತನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು.

ಇಷ್ಟನ್ನು ಇತಿಹಾಸದ ಪುಸ್ತಕಗಳು ಹೇಳುವವು. ಆ ರಾತ್ರಿಯನ್ನೂ ಆ ಗಲ್ಲನ್ನೂ ಮರೆಯದೆ ಹೇಳುವವು. ಆದರೆ ಆ ಪುಸ್ತಕಭಂಡಾರದ ದೀಪದ ಬೆಳಕಿನಲ್ಲಿ ಕಳೆದ ಹಿಂದಿನ ವರ್ಷಗಳ ಗತಿಯೇನು? ಮಗನಿಲ್ಲದ ಮನೆಯಲ್ಲಿ ಹೆಂಡತಿಯ ಮೇಲೆ ಎಷ್ಟು ಮಾತು ಬರುವವೆಂಬದನ್ನು ಯಾವ ಗೃಹಿಣಿಗೂ ನಾವು ಹೇಳಿಕೊಡಬೇಕಾಗಿಲ್ಲ. ಆ ಮಾತುಗಳ ನಡುವೆ ಆಕೆಯ ಬಗಲಿಗೆ ಗಂಡನು ನಿಂತನೋ ಇಲ್ಲವೋ, ದತ್ತಕದ ಅರ್ಜಿಯ ಒಕ್ಕಣೆಯನ್ನು ಆಕೆಯು ಕೇಳಿದಳೋ ಇಲ್ಲವೋ, ಬಂಡಾಯದ ಯೋಚನೆ ಹುಟ್ಟಿದಾಗ ಆಕೆಯು ಬೇಡವೆಂದಳೋ ಹೂಂ ಎಂದಳೋ, ಇವೇ ಕಾದಂಬರಿಕಾರನ ಹೊಲ. ದಾಖಲೆಯು ನಿಂತಲ್ಲಿಂದ ಕಲ್ಪನೆಯು ಗೌರವದಿಂದ ಹೆಜ್ಜೆಯಿಡಬಹುದು. ಮದುವೆಯಾಗಿ ಅದೆಷ್ಟೋ ವರ್ಷಗಳಾದ ಮೇಲೆ ಇಬ್ಬರು ಒಬ್ಬರನ್ನೊಬ್ಬರು ಕಂಡುಕೊಳ್ಳುವ ಒಲವಿನ ಕಥೆಯನ್ನು ಬರೆಯತಕ್ಕ ಲೇಖಕಲೇಖಕಿಯರಿಗೆ ನರಗುಂದದ ವಾಡೆಗಿಂತ ಒಳ್ಳೆಯ ಸ್ಥಳ ದೊರೆಯಲಾರದು. ಕಾಯುವದರ ಬೆಲೆಯನ್ನಂತೂ ಸುರೇಬಾನದವರಿಗೆ ಯಾರೂ ಕಲಿಸಬೇಕಾಗಿಲ್ಲ. ರಾಮನಿಗಾಗಿ ಕಾದ ಶಬರಿಯ ಹೆಸರಿನ ಕೊಳ್ಳವು ಅವರ ಊರ ಬಳಿಯಲ್ಲಿಯೇ ಇರುವದಷ್ಟೆ.

ಇನ್ನು ಇಂಥ ಪುಸ್ತಕಗಳನ್ನು ಆರಿಸುವ ಬಗೆ. ನಾವು ಮೂರು ಪರೀಕ್ಷೆಗಳನ್ನು ಹೇಳುವೆವು.

ಮೊದಲನೆಯದು, ನಾಯಿಕೆಯ ಜಾಣತನವು ಲೇಖಕನ ಬಾಯಿಮಾತೋ ಅಥವಾ ಆಕೆಯ ಕೆಲಸದಲ್ಲಿ ಕಾಣುವದೋ ನೋಡಬೇಕು. ಎದುರು ಮಾತಾಡುವದೇ ಜಾಣತನವೆಂದು ಎಷ್ಟೋ ಕಥೆಗಾರರು ತಿಳಿದಿರುವರು. ನಿಜವಾದ ಜಾಣೆಯು ಸಾಲ ತೀರಿಸುವಳು, ಮೋಸಗಾರನನ್ನು ಗುರುತಿಸುವಳು, ರೋಗಿಯನ್ನು ಉಪಚರಿಸುವಳು, ಬೇಕಾದಾಗ ಸುಮ್ಮನೂ ಇರುವಳು.

ಎರಡನೆಯದು, ಕಥೆಯ ತಡಕ್ಕೆ ಕಾರಣವೇನೆಂದು ಕೇಳಬೇಕು. ಬಾಗಿಲ ಮರೆಯಲ್ಲಿ ಅರ್ಧ ಮಾತು ಕೇಳಿಸಿಕೊಂಡು ಮುನಿದು ಹೋಗುವ ನಾಯಕ ನಾಯಿಕೆಯರ ತಡವು ಬರಿಯ ಕಾಗದದ ಖರ್ಚು. ಆಸ್ಟಿನ್ನಳ ಕೊನೆಯ ಕಾದಂಬರಿಯಾದ 'ಪರ್‌ಸ್ವೇಶನ್'ದಲ್ಲಿ ಆನ್ ಎಂಬವಳು ಹಿರಿಯರ ಮಾತಿಗೆ ಒಪ್ಪಿ ತಾನೊಲಿದವನನ್ನು ಬಿಟ್ಟುಕೊಟ್ಟು ಎಂಟು ವರ್ಷ ಮೌನವಾಗಿ ಬಾಳುವಳು. ಆ ತಡದಲ್ಲಿ ಒಂದು ಕುಟುಂಬದ ಅಹಂಕಾರವಿದೆ, ಒಬ್ಬ ಹಿತೈಷಿಯ ತಪ್ಪು ಎಣಿಕೆಯಿದೆ, ಇಬ್ಬರ ನೋವಿದೆ. ಇಂಥ ತಡಕ್ಕೆ ಬೆಲೆಯುಂಟು.

ಮೂರನೆಯದು, ವಾಡೆಯ ಸಿರಿ ಎಲ್ಲಿಂದ ಬಂದಿತೆಂಬದನ್ನು ಕಥೆಯು ಮುಚ್ಚಿಡುವದೋ ಎಂದು ಪರೀಕ್ಷಿಸಬೇಕು. 1814ರ 'ಮ್ಯಾನ್ಸ್‌ಫೀಲ್ಡ್ ಪಾರ್ಕ್'ದಲ್ಲಿ ದೊಡ್ಡ ಮನೆಯ ಯಜಮಾನನ ಆದಾಯದ ಒಂದು ಭಾಗವು ಆಂಟಿಗ್ವಾ ದ್ವೀಪದ ತೋಟಗಳಿಂದ ಬರುವದು. ಅಂಥ ತೋಟಗಳಲ್ಲಿ ದುಡಿದವರು ಗುಲಾಮರು. ಆ ಮನೆಯಲ್ಲಿ ಬೆಳೆದ ಬಡನೆಂಟರ ಹುಡುಗಿಯು ಗುಲಾಮರ ವ್ಯಾಪಾರದ ವಿಷಯವಾಗಿ ಒಂದು ಪ್ರಶ್ನೆ ಕೇಳಲು, ಉಳಿದ ಮಕ್ಕಳಾರೂ ತುಟಿ ಬಿಚ್ಚದೆ ಕೂಡ್ರುವರು. ನಮ್ಮ ದೇಸಗತಿಯ ವಾಡೆಗಳ ಕಂಬಗಳೂ ರೈತರ ಬೆವರಿನ ಮೇಲೆಯೇ ನಿಂತಿದ್ದವು. ಇದನ್ನು ಮರೆಯದ ಕಥೆಯನ್ನು ಓದಿದ ಹುಡುಗಿಗೆ ಅರಮನೆಯ ಭ್ರಮೆ ಹಿಡಿಯುವದಿಲ್ಲ. ಹಿರಿಯರ ಆಕ್ಷೇಪಕ್ಕೆ ಇದೇ ಸಮಾಧಾನ.

ಮೊಬಾಯಿಲಿನಲ್ಲಿ ಬೆರಳು ಸರಿಸಿದಂತೆ ಚಿತ್ರಗಳು ಸರಿಯುವ ಈ ಕಾಲದಲ್ಲಿ ಮುನ್ನೂರು ಪುಟಗಳ ವರೆಗೆ ಕಾಯುವ ಅಭ್ಯಾಸವೇ ಒಂದು ಶಿಕ್ಷಣ. ಊಟದ ತರುವಾಯ ದಿನಕ್ಕೊಂದು ಅಧ್ಯಾಯದಂತೆ ಮನೆಯಲ್ಲಿ ಒಬ್ಬರು ಗಟ್ಟಿಯಾಗಿ ಓದಿ ಉಳಿದವರು ಕೇಳುವದು ಉತ್ತಮ. ಅತ್ತೆಯೂ ಸೊಸೆಯೂ ಕೂಡಿ ಕೇಳಿದರೆ ಇನ್ನೂ ಉತ್ತಮ. ಯಾಕಂದರೆ ತಮ್ಮ ಮನೆಯ ಮಾತೆಂದು ಆಡಲಾಗದ್ದನ್ನು ಕಥೆಯ ಮನೆಯ ಮಾತೆಂದು ಇಬ್ಬರೂ ಆಡಬಹುದು. ಗಂಡಸರು ಈ ಓದಿನಿಂದ ಎದ್ದು ಹೋಗಬಾರದು. ಮುಖ್ಯವಾಗಿ ಪಾಠ ಕಲಿಯಬೇಕಾದವರು ಅವರೇ.

ನಮ್ಮ ಮನೆಗಳಲ್ಲಿ ಇಂದಿಗೂ ಹೆಣ್ಣು ನೋಡುವ ಕಾರ್ಯವು ಬಹಳವಾದರೆ ಒಂದು ತಾಸಿನಲ್ಲಿ ಮುಗಿಯುವದು. ಹುಡುಗಿಯು ಚಹದ ತಾಟು ಹಿಡಿದು ಬರುವಳು. ಹೆಸರೇನು, ಎಷ್ಟು ಓದಿರುವೆ, ಅಡಿಗೆ ಬರುವದೋ ಎಂದು ಕೇಳುವರು. ಆಕೆಯು ಒಳಗೆ ಹೋಗುವಳು. ಹೊರಗೆ ಬೇರೆಯವರು ಆಕೆಯ ಆಯುಷ್ಯವನ್ನು ನಿರ್ಣಯಿಸುವರು. ವಾಡೆಯ ಕಥೆಗಳನ್ನು ಓದಿದ ಹಿರಿಯನೊಬ್ಬನು ಆ ತಾಸಿನಲ್ಲಿ ಆಕೆಗೆ ಒಂದಾದರೂ ವಿಚಾರದ ಪ್ರಶ್ನೆಯನ್ನು ಕೇಳಿ, ಆಕೆಯು ಸಂಕೋಚ ಕಳೆದು ಉತ್ತರ ಕೊಡುವ ವರೆಗೆ ಅವಸರಪಡದೆ ಕಾದನೆಂದರೆ, ಆ ಪುಸ್ತಕಕ್ಕೆ ಕೊಟ್ಟ ಹಣವು ಸಾರ್ಥಕವಾಯಿತೆಂದು ನಾವು ತಿಳಿಯುವೆವು.